ಮೋಟರಿಗಿಂತ ಮೊದಲು ಬ್ಯಾಟರಿಯ ಲೆಕ್ಕ

ಪ್ರಶ್ನೆ: ನಮ್ಮದು ಎಂಟು ಅಡಿಯ ಡಿಂಗಿ. ನಾನು, ಮಗ, ಸಾಮಾನು, ದೋಣಿ ಎಲ್ಲ ಸೇರಿ ಸುಮಾರು 250 ಕೆ.ಜಿ. ಭುಜದ ನೋವಿನಿಂದ ಹುಟ್ಟು ಹಾಕಲು ಆಗುತ್ತಿಲ್ಲ. ಓಡಾಟವೆಲ್ಲ ನಿಂತ ನೀರಿನಲ್ಲಿ. 30 ಪೌಂಡಿನ ಎಲೆಕ್ಟ್ರಿಕ್ ಮೋಟರ್ ಸಾಕೇ, 55 ಪೌಂಡಿನದು ಬೇಕೇ? ದೊಡ್ಡದಾದರೆ ವೇಗವೂ ಹೆಚ್ಚಲ್ಲವೇ? ಅದನ್ನೇ ಕಯಾಕಿಗೂ (ಕಿರಿದಾದ ಹಗುರ ದೋಣಿ) ಹಾಕಬಹುದೇ?

ಉತ್ತರ: ವೇಗ ನೀವಂದುಕೊಂಡಷ್ಟು ಹೆಚ್ಚುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ಎಂಟು ಅಡಿಗೆ ಅದು ಗಂಟೆಗೆ ಸುಮಾರು 7 ಕಿ.ಮೀ. ಅದರಾಚೆಗೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಬ್ಯಾಟರಿ ಬರಿದಾಗುತ್ತದೆ.

ಪೌಂಡ್ ಎಂದರೆ ಮೋಟರ್ ನೀರನ್ನು ತಳ್ಳುವ ಬಲ. ಪ್ರತಿ 100 ಪೌಂಡ್ ತೂಕಕ್ಕೆ 2 ಪೌಂಡ್ ಬಲ ಎಂಬುದು ರೂಢಿಯ ಲೆಕ್ಕ. ನಿಮ್ಮ 250 ಕೆ.ಜಿ. ಎಂದರೆ 550 ಪೌಂಡ್, ಅದಕ್ಕೆ 11 ಪೌಂಡ್ ಸಾಕು. ಎದುರುಗಾಳಿಗೆಂದು ಎರಡೂವರೆ ಪಟ್ಟು ಇಟ್ಟುಕೊಂಡರೂ 30 ದಾಟುವುದಿಲ್ಲ. ನಾನಾಗಿದ್ದರೆ 30ರದ್ದನ್ನೇ ಕೊಂಡು, ಉಳಿದ ಹಣವನ್ನು ಬ್ಯಾಟರಿಗೆ ಹಾಕುತ್ತಿದ್ದೆ.

ಈ ಮಾತು ಅನುಭವದಿಂದ ಬಂದದ್ದು. ನನ್ನ ಮೊದಲ ಮೋಟರ್ 55 ಪೌಂಡಿನದು. ಹೋಗುವಾಗ ಗಾಳಿ ಬೆನ್ನಿಗಿತ್ತು, ಪೂರ್ತಿ ವೇಗದಲ್ಲಿ ಓಡಿಸಿದೆ. ಮರಳುವಾಗ ಗಾಳಿ ಎದುರಾಯಿತು, ಅರ್ಧ ದಾರಿಯಲ್ಲಿ ಬ್ಯಾಟರಿ ಸೋತಿತು. ದೋಣಿಯಲ್ಲಿ ಹುಟ್ಟು ಇದ್ದುದರಿಂದ ದಡ ಸೇರಿದೆ. ಭುಜ ನೋವಿದ್ದರೂ ನೀವು ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

12 ವೋಲ್ಟಿನ 30 ಪೌಂಡಿನ ಮೋಟರ್ ಪೂರ್ತಿ ವೇಗದಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ (ಅಂದರೆ ಒಂದು ಆಂಪಿಯರನ್ನು ನೂರು ಗಂಟೆ ಕೊಡಬಲ್ಲ) ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ನಿಮಗೆ ಸಿಗುವುದು ಸುಮಾರು ಒಂದೂವರೆ ಗಂಟೆ. ಆದರೆ ವೇಗವನ್ನು ಅರ್ಧಕ್ಕಿಳಿಸಿ ನೋಡಿ: ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಈ ಉಳಿತಾಯ ನಿಜಕ್ಕೂ ಕೈಗೆ ಸಿಗಬೇಕಾದರೆ ಐದು ಹಂತದ ಹಳೇ ಬಗೆಯ ಸ್ವಿಚ್ಚಿನದನ್ನು ಬಿಟ್ಟು, ವೇಗವನ್ನು ಬೇಕಾದಷ್ಟಕ್ಕೆ ತಿರುಗಿಸಿ ನಿಲ್ಲಿಸಬಹುದಾದ ಮೋಟರನ್ನೇ ಆರಿಸಿ. ಹಂತದ ಸ್ವಿಚ್ಚಿನವು ಕಡಿಮೆ ವೇಗದಲ್ಲಿ ಒಂದಷ್ಟು ವಿದ್ಯುತ್ತನ್ನು ಬರೀ ಶಾಖವಾಗಿ ಕಳೆಯುತ್ತವೆ.

ಕೊಳ್ಳುವ ಮುನ್ನ ದೋಣಿಯ ಹಿಂಬದಿ ಹಲಗೆಯ ಎತ್ತರ ಅಳೆಯಿರಿ. ಮೋಟರಿನ ಕೋಲು ಗಿಡ್ಡವಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ, ಕೈಪಿಡಿ ಹೇಳಿದಷ್ಟು ಆಂಪಿಯರಿನ ಬ್ರೇಕರ್ (ವಿದ್ಯುತ್ ಮಿತಿ ಮೀರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಇರಲಿ.

ಕಯಾಕಿಗೆ 30 ಪೌಂಡ್ ಧಾರಾಳ. ಅಲ್ಲಿ ತಲೆನೋವು ಬ್ಯಾಟರಿಯ ತೂಕದ್ದು. 100 ಆಂಪಿಯರ್-ಅವರಿನ ಸೀಸದ್ದು 28 ಕೆ.ಜಿ. ಆಸುಪಾಸಿದ್ದರೆ ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12ರ ಆಸುಪಾಸು. ಮೋಟರ್ ಹಿಂದಿದ್ದರೆ ಬ್ಯಾಟರಿ ಮುಂದಿರಲಿ, ತಳಕ್ಕೆ ಅಂಟಿದಂತೆ ಬಿಗಿಯಾಗಿ ಕಟ್ಟಿರಲಿ. ಮಗನನ್ನು ಕೂರಿಸುವ ಮೊದಲು ಲೈಫ್ ಜಾಕೆಟ್ ತೊಟ್ಟು, ದಡದ ಹತ್ತಿರ ಒಮ್ಮೆ ನೀವೊಬ್ಬರೇ ಓಡಿಸಿ ನೋಡಿ.