14,500 ರೂಪಾಯಿಯ ‘ಹೊಸ’ ಐ5 ಕಂಪ್ಯೂಟರ್ ಕೊಳ್ಳಬಹುದಾ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ವ್ಯಾಪಾರ. ಟ್ಯಾಲಿ ಲೆಕ್ಕಕ್ಕೆ, ಜಿಎಸ್‌ಟಿ ರಿಟರ್ನ್‌ಗೆ, ನುಡಿಯಲ್ಲಿ ಪತ್ರ ಟೈಪ್ ಮಾಡಲು ಒಂದು ಡೆಸ್ಕ್‌ಟಾಪ್ ಬೇಕು. ಪಿಯುಸಿ ಓದುವ ಮಗಳೂ ಸಂಜೆ ಬಳಸುತ್ತಾಳೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ‘ಹೊಸ ಅಸೆಂಬಲ್ಡ್, ಕೋರ್ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 19 ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್, ಫುಲ್ ಸೆಟ್ 14,500 ರೂಪಾಯಿ’ ಅಂದರು. ಇನ್ನೊಂದು ಕಡೆ ಆಫೀಸಿನಲ್ಲಿ ಬಳಸಿದ ಡೆಲ್ ಆಪ್ಟಿಪ್ಲೆಕ್ಸ್ ಇದೆ. ಐ5-8500, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಮಾನಿಟರ್ ಇಲ್ಲದೆ ಬರೀ ಸಿಪಿಯು ಬಾಕ್ಸ್‌ಗೇ 15,000 ಕೇಳುತ್ತಿದ್ದಾರೆ. ಹೊಸದನ್ನು ಬಿಟ್ಟು ಹಳೆಯದಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು ಸರ್?

ಉತ್ತರ: ಮೊದಲನೆಯದು ಹೊಸದಾಗಿರುವ ಸಾಧ್ಯತೆ ಬಹಳ ಕಡಿಮೆ. ಈ ಬೆಲೆಗೆ ಹೊಸ ಐ5, ಅದರ ಮೇಲೆ ಮಾನಿಟರ್ ಸಮೇತ ಸಿಗುವುದಿಲ್ಲ. ಹೊಸದಾಗಿರುವುದು ಕ್ಯಾಬಿನೆಟ್, ಅದರ ಮುಂದೆ ಮಿನುಗುವ ಬಣ್ಣದ ಫ್ಯಾನು, ಕೀಬೋರ್ಡ್, ಮೌಸ್. ಒಳಗಿನದು ಬೇರೆ ಕಥೆ.

ಕೋರ್ ಐ5 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್, ಕಂಪ್ಯೂಟರಿನ ಮಿದುಳು. ಆ ಹೆಸರು 2009ರಿಂದ ಇದೆ. ಹಾಗಾಗಿ ಬರೀ ‘ಐ5’ ಅಂದರೆ ಏನೂ ಹೇಳಿದಂತಾಗಲಿಲ್ಲ. ಅದರ ಮುಂದಿನ ಅಂಕಿ ಕೇಳಬೇಕು. ಐ5-2400 ಅಂದರೆ ಎರಡನೇ ಜನರೇಶನ್ (ಪೀಳಿಗೆ), 2011ರದ್ದು. 3470 ಅಂದರೆ ಮೂರನೆಯದು, 2012ರದ್ದು. 8500 ಎಂಟನೆಯದು, 2018ರದ್ದು. 12400 ಹನ್ನೆರಡನೆಯದು, 2022ರದ್ದು. ನಿಮ್ಮ ಎಸ್.ಪಿ. ರೋಡಿನ ಅಂಗಡಿಗೆ ಫೋನ್ ಮಾಡಿ ಇದೊಂದೇ ಪ್ರಶ್ನೆ ಕೇಳಿ: ‘ಐ5 ಎಷ್ಟನೇ ಜನರೇಶನ್? ಪೂರ್ತಿ ನಂಬರ್ ಏನು?’ ‘ಐ5ನೇ ಸರ್, ಸಖತ್ ಸ್ಪೀಡ್ ಇದೆ’ ಅನ್ನೋ ಉತ್ತರ ಬಂದರೆ ಅದು ಎರಡನೆಯದೋ ಮೂರನೆಯದೋ ಅಂದುಕೊಳ್ಳಿ.

ಇಂಥ ಸೆಟ್‌ಗಳು ತಯಾರಾಗೋದು ಹೀಗೆ. ಆಫೀಸ್‌ಗಳು ಬಿಸಾಕಿದ ಕಂಪ್ಯೂಟರ್‌ಗಳಿಂದ ಪ್ರೊಸೆಸರ್ ಕಿತ್ತುಕೊಳ್ಳುತ್ತಾರೆ. ಪ್ರೊಸೆಸರ್ ಸುಲಭಕ್ಕೆ ಕೆಡುವುದಿಲ್ಲ, ಅದು ನಿಜ. ಅದನ್ನು ಎಚ್61 ಅನ್ನೋ ಮದರ್‌ಬೋರ್ಡಿನ ಮೇಲೆ ಕೂರಿಸುತ್ತಾರೆ. ಎಚ್61 ಎಂಬುದು 2011ರ ಚಿಪ್‌ಸೆಟ್. ಆದರೆ ಹೆಸರಿಲ್ಲದ ಕಂಪನಿಗಳು ಆ ಬೋರ್ಡನ್ನು ಈಗಲೂ ಹೊಸದಾಗಿ ಮಾಡಿ ಮಾರುತ್ತಿವೆ. ಅದಕ್ಕೆ ಡಿಡಿಆರ್3 ರ‍್ಯಾಮ್ ಹಾಕುತ್ತಾರೆ. ಡಿಡಿಆರ್3 ಹಳೇ ಬಗೆಯದು, ಹೊಸ ಬಗೆಯ ರ‍್ಯಾಮ್‌ಗಿಂತ ಅಗ್ಗ, ಅದಕ್ಕೇ 16 ಜಿಬಿ ಕೈಬಿಚ್ಚಿ ಕೊಡೋದು. ಮುಂದೆ ಕಂಪ್ಯೂಟರ್ ಬದಲಾಯಿಸಿದರೆ ಆ ರ‍್ಯಾಮ್ ಯಾವುದಕ್ಕೂ ಆಗುವುದಿಲ್ಲ.

ಕೊಬ್ಬರಿಯನ್ನು ನೀವು ಚೀಲದ ಮೇಲಿನ ಚೀಟಿ ನೋಡಿ ಕೊಳ್ಳೋದಿಲ್ಲ, ಅಲ್ವಾ? ಒಳಗೆ ಕೈ ಹಾಕಿ ನಾಲ್ಕು ತೆಗೆದು ನೋಡುತ್ತೀರಿ. ಇಲ್ಲೂ ಅಷ್ಟೇ. ಅಂಗಡಿಯಲ್ಲಿ ಕಂಪ್ಯೂಟರ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು. ಮೇಲೆ ಬಲಗಡೆ ಪ್ರೊಸೆಸರ್‌ನ ಪೂರ್ತಿ ಹೆಸರು ಇರುತ್ತದೆ. ಹಾಗೇ ಕ್ರೋಮ್ ತೆರೆದು ಯೂಟ್ಯೂಬ್‌ನಲ್ಲಿ ಯಾವುದಾದರೂ ವಿಡಿಯೊವನ್ನು 1080 ಗುಣಮಟ್ಟದಲ್ಲಿ ಹಚ್ಚಿ, ಪ್ರೊಸೆಸರ್ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್‌ನ ಗೆರೆ ನೋಡುತ್ತಾ ಇರಿ. ಯೂಟ್ಯೂಬ್ ಈಗ ಹೆಚ್ಚಾಗಿ ಬಳಸುವ ವಿಡಿಯೊ ರೂಪವನ್ನು ಬಿಡಿಸುವ ಭಾಗ ಎರಡನೇ, ಮೂರನೇ ಜನರೇಶನ್ ಚಿಪ್‌ಗಳಲ್ಲಿ ಇಲ್ಲ. ಎಲ್ಲಾ ಭಾರ ಪ್ರೊಸೆಸರ್ ಮೇಲೇ ಬೀಳುತ್ತದೆ. ಗೆರೆ ಮೇಲೇರಿ ಅಲ್ಲೇ ನಿಲ್ಲುತ್ತದೆ, ಫ್ಯಾನ್ ಸದ್ದು ಮಾಡುತ್ತದೆ. ಎಂಟನೇ ಜನರೇಶನ್‌ನಲ್ಲಿ ಅದೇ ವಿಡಿಯೊಗೆ ಗೆರೆ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಮಗಳು ದಿನಾ ಸಂಜೆ ಪಾಠದ ವಿಡಿಯೊ ನೋಡುವವಳಾದರೆ ಈ ಪರೀಕ್ಷೆ ಬಿಡಬೇಡಿ.

ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ, ಅದರ ಕಡೆಗೂ ಒಂದು ಕಣ್ಣಿರಲಿ. ಅಗ್ಗದ ಸೆಟ್‌ಗಳಲ್ಲಿ ಮೊದಲು ಕತ್ತರಿ ಬೀಳೋದು ಅದಕ್ಕೇ. ಡಬ್ಬದ ಮೇಲೆ ದೊಡ್ಡದಾಗಿ ‘450’ ಅಂತ ಬರೆದಿರುತ್ತದೆ. ಪಕ್ಕದಲ್ಲಿ ಸಣ್ಣ ಪಟ್ಟಿ ಇರುತ್ತದೆ, ಅದರಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. 14 ಆಂಪಿಯರ್ ಅಂತಿದ್ದರೆ 12ರಿಂದ ಗುಣಿಸಿ: 168 ವ್ಯಾಟ್. ಪ್ರೊಸೆಸರ್‌ಗೆ ಕರೆಂಟ್ ಹೋಗೋದು ಹೆಚ್ಚಾಗಿ ಈ ಸಾಲಿನಿಂದಲೇ. ನಿಜವಾದ 450 ವ್ಯಾಟಿನ ಡಬ್ಬದಲ್ಲಿ ಅಲ್ಲಿ 30ರ ಮೇಲಿರುತ್ತದೆ. ನಿಮಗೆ 450 ವ್ಯಾಟ್ ಬೇಕಾಗಿಯೂ ಇಲ್ಲ. ಆದರೆ ಇಲ್ಲಿ ಸುಳ್ಳು ಬರೆದವರು ಒಳಗಿನ ತಂತಿ, ಕೆಪಾಸಿಟರ್‌ನಲ್ಲೂ ಉಳಿಸಿರುತ್ತಾರೆ. ಕರೆಂಟ್ ಏರಿಳಿತ ಇರುವ ಊರಲ್ಲಿ ಕೆಟ್ಟ ಎಸ್‌ಎಂಪಿಎಸ್ ಸುಟ್ಟರೆ ಕೆಲವೊಮ್ಮೆ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದರ ಮೇಲಿನದು ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಹಳೇ ಪ್ರೊಸೆಸರ್‌ಗೂ ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತಾರೆ, ಓಡುತ್ತದೆ ಕೂಡ. ಆದರೆ ಮುಂದಿನ ದೊಡ್ಡ ಅಪ್‌ಡೇಟ್ ಬರುತ್ತೋ ಇಲ್ವೋ ಯಾರೂ ಮಾತು ಕೊಡುವುದಿಲ್ಲ. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ಎರಡನ್ನೂ ಬಳಸುವ ಕಂಪ್ಯೂಟರ್ ಇದು, ಸುಮ್ನೆ ರಿಸ್ಕ್ ಯಾಕೆ? ‘ಲಿನಕ್ಸ್ ಹಾಕಿಕೊಳ್ಳಿ’ ಅನ್ನುವವರೂ ಸಿಗುತ್ತಾರೆ. ಬೇರೆಯವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಟ್ಯಾಲಿ ವಿಂಡೋಸ್‌ನದ್ದು. ನಿಮಗೆ ಆಗಿಬರುವುದಿಲ್ಲ.

ಈಗ ಲೆಕ್ಕ ಹಾಕೋಣ. ಆಪ್ಟಿಪ್ಲೆಕ್ಸ್‌ಗೆ 15,000, ಹೊಸ 22 ಇಂಚಿನ ಮಾನಿಟರ್‌ಗೆ ಸುಮಾರು 6,000, ಕೀಬೋರ್ಡ್ ಮೌಸ್‌ಗೆ ಒಂದು 700. ಹತ್ತಿರ 22,000 ಆಯಿತು. ಯುಪಿಎಸ್ ಎರಡಕ್ಕೂ ಬೇಕು, ಅದನ್ನು ಬಿಡಿ. ವ್ಯತ್ಯಾಸ ಏಳು ಸಾವಿರ ಚಿಲ್ಲರೆ. ಅದಕ್ಕೆ ನಿಮಗೆ ಸಿಗೋದು ಪ್ರೊಸೆಸರ್‌ನಲ್ಲಿ ನಾಲ್ಕರ ಬದಲು ಆರು ಕೋರ್ (ಕೆಲಸ ಹಂಚಿಕೊಳ್ಳುವ ಭಾಗಗಳು), ವಿಂಡೋಸ್ 11, ನೆಟ್ಟಗಿರುವ ಎಸ್‌ಎಂಪಿಎಸ್, ಕಣ್ಣಿಗೆ ಹಿತವಾದ ಪರದೆ. ನಾಲ್ಕೈದು ವರ್ಷ ಇದನ್ನು ಮುಟ್ಟಬೇಕಾಗಿಲ್ಲ. 14,500ರ ಸೆಟ್‌ಗೆ ಅಷ್ಟು ಆಯುಸ್ಸು ನಾನು ಕೊಡುವುದಿಲ್ಲ. ಅದರ ಬೋರ್ಡ್ ಕೆಟ್ಟರೆ ‘ಒಂದು ವರ್ಷ ಗ್ಯಾರಂಟಿ’ಗಾಗಿ ತಿಪಟೂರಿನಿಂದ ರೈಲಲ್ಲಿ ಸಿಪಿಯು ಹೊತ್ತುಕೊಂಡು ಹೋಗುವವರು ನೀವೇ.

ಹಾಗಂತ 15,000ಕ್ಕೆ ಕಣ್ಣುಮುಚ್ಚಿ ಹೂಂ ಅನ್ನಬೇಡಿ. ಪೆಟ್ಟಿಗೆಯ ಮೇಲೆ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಇರುತ್ತದೆ. ಡೆಲ್ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಯಾವಾಗ ಕಳಿಸಿದ್ದು, ವಾರಂಟಿ ಯಾವಾಗ ಮುಗಿದದ್ದು ಎಲ್ಲಾ ಬರುತ್ತದೆ. ಆನ್ ಆಗುವಾಗ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಹಳೇ ಕಂಪನಿಯವರ ಬೀಗ ಇನ್ನೂ ಇದೆ ಅಂತ ಅರ್ಥ. ತೆಗೆದುಕೊಡುವ ತನಕ ದುಡ್ಡು ಕೊಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ನೋಡಿ. ಡಿಜಿಟಲ್ ಲೈಸೆನ್ಸ್ ಅಂತಿದ್ದರೆ ಸರಿ. ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸರ್ವಿಸ್’ ಅಂತ ಇಂಗ್ಲಿಷ್‌ನಲ್ಲಿ ಬಂದರೆ, ನಿಮ್ಮ ಮಂಡಿಗೆ ಅಂಥ ಸಂಸ್ಥೆ ಯಾವುದೂ ಇಲ್ಲವಲ್ಲ! ಕಳ್ಳ ವಿಂಡೋಸ್ ಅದು. ಎಸ್‌ಎಸ್‌ಡಿಗೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ತಂತ್ರಾಂಶವಿದೆ, ಎಷ್ಟು ಗಂಟೆ ಓಡಿದೆ, ಆರೋಗ್ಯ ಶೇಕಡಾ ಎಷ್ಟು ಎಂದು ತೋರಿಸುತ್ತದೆ.

8 ಜಿಬಿ ರ‍್ಯಾಮ್ ನಿಮ್ಮ ಕೆಲಸಕ್ಕೆ ಸಾಕು. ಆದರೂ ಅದೇ ಅಂಗಡಿಯವರು ಸ್ವಲ್ಪ ಸೇರಿಸಿ 16 ಮಾಡಿಕೊಟ್ಟರೆ ಈಗಲೇ ಮಾಡಿಸಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲಾ ಬಾಚಿಕೊಳ್ಳುತ್ತಿವೆ. ರ‍್ಯಾಮ್ ಸಮೇತ ಬರುವ ಬಳಸಿದ ಕಂಪ್ಯೂಟರ್‌ಗೆ ಬೆಲೆ ಬಂದಿರೋದು ಅದಕ್ಕೂ ಹೌದು. ಚೌಕಾಸಿ ಮಾಡಿ, 14,000ಕ್ಕೆ ಬಂದರೂ ಬರಬಹುದು. ಬಿಲ್ಲಿನಲ್ಲಿ ಪ್ರೊಸೆಸರ್ ನಂಬರ್, ಸರ್ವಿಸ್ ಟ್ಯಾಗ್, ವಾರಂಟಿ ಎಷ್ಟು ತಿಂಗಳು, ಎಲ್ಲವನ್ನೂ ಬರೆಸಿಕೊಳ್ಳಿ.

ಪ್ರಶ್ನೆ: ಅಂಗೈಯಗಲದ ಮಿನಿ ಪಿಸಿಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಾಣುತ್ತವೆ. ಮನೆಗೆ ಸಾಕಾ?

ಉತ್ತರ: ಒಳಗಿರುವ ಚಿಪ್ ನೋಡಿ ಹೇಳಬೇಕು. ಇಂಟೆಲ್ ಎನ್100 ಆದರೆ ಸಾಕು. 2023ರಲ್ಲಿ ಬಂದದ್ದು, ನಾಲ್ಕು ಕೋರ್, 2015ರ ಐ5-6500ಕ್ಕೆ ಹತ್ತಿರದ ವೇಗ, ಕರೆಂಟ್ ತಿನ್ನೋದು ತೀರಾ ಕಡಿಮೆ. ಸೆಲೆರಾನ್ ಎನ್4020 ಆದರೆ ಬೇಡ. ಎರಡೇ ಕೋರ್, ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. 4 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು ಅಂದರೆ ಎಷ್ಟೇ ಅಗ್ಗವಾದರೂ ಬಿಡಿ, ಮುಂದೆ ಹೆಚ್ಚಿಸಲು ಬರುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಐ3-8100 ಕಂಪ್ಯೂಟರ್ ಇದೆ, ಹಾರ್ಡ್ ಡಿಸ್ಕ್‌ನದ್ದು. ತುಂಬಾ ನಿಧಾನ. ಅಗ್ಗದ್ದೊಂದು ಹೊಸದು ತರೋಣವೇ?

ಉತ್ತರ: ಬೇಡ. ನಿಮ್ಮದು ಎಂಟನೇ ಜನರೇಶನ್, ವಿಂಡೋಸ್ 11ರ ಪಟ್ಟಿಯಲ್ಲಿದೆ. ವಿಂಡೋಸ್ 11 ಆಗುತ್ತಾ ಅಂತ ಹೇಳುವ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಹಾಕಿ ನೋಡಿ. ಟಿಪಿಎಂ ಇಲ್ಲ ಅಂದರೆ ಬಯೋಸ್‌ನಲ್ಲಿ ಅದು ಆಫ್ ಆಗಿರಬಹುದು. ನಿಧಾನಕ್ಕೆ ಕಾರಣ ಹೆಚ್ಚಾಗಿ ಹಾರ್ಡ್ ಡಿಸ್ಕೇ. ಹೆಸರುವಾಸಿ ಕಂಪನಿಯ ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ವಿಂಡೋಸ್ ಹೊಸದಾಗಿ ಹಾಕಿಸಿ. ಹಳೇ ಡಿಸ್ಕನ್ನು ಕೂಡಲೇ ಅಳಿಸಬೇಡಿ. ಫೋಟೊ, ಫೈಲ್ ಎಲ್ಲಾ ಬಂದಿದೆಯಾ ಅಂತ ಒಂದೆರಡು ತಿಂಗಳು ನೋಡಿಕೊಂಡು, ಆಮೇಲೆ ಬ್ಯಾಕಪ್‌ಗೆ ಇಟ್ಟುಕೊಳ್ಳಿ.