ಪ್ರತಿಕ್ರಿಯೆ: ಹಾಜರಿ ಹಾಕಿದರೆ ದಾಖಲೆಯೇ?

ಒಂದು ಇನಿಂಗ್ಸ್ ಆಡಿ ಕುಳಿತರೂ ಲೆಕ್ಕಕ್ಕೆ ಸೇರುವುದಾದರೆ ಅಮೆರಿಕದ ಆಟಗಾರ ಕ್ಯಾಲ್ ರಿಪ್ಕನ್ ಅವರ 2,632 ಸತತ ಬೇಸ್‌ಬಾಲ್ ಪಂದ್ಯಗಳಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದೀರಿ. ನಿಯಮದ ಮಟ್ಟಿಗೆ ನಿಮ್ಮ ಅನುಮಾನ ಸರಿ. ಒಂಬತ್ತು ಇನಿಂಗ್ಸ್‌ಗಳ ಪಂದ್ಯದಲ್ಲಿ ಅರ್ಧ ಇನಿಂಗ್ಸ್ ಫೀಲ್ಡಿಂಗ್ ಮಾಡಿದರೆ ಅಥವಾ ಒಮ್ಮೆ ಬ್ಯಾಟಿಂಗ್ ಸರದಿ ಮುಗಿಸಿದರೆ ಸಾಕು, ಸತತ ಪಂದ್ಯಗಳ ಸರಣಿ ಮುರಿಯುವುದಿಲ್ಲ.

ಆದರೆ ರಿಪ್ಕನ್ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಜಾಗ ಖಾಲಿ ಮಾಡಿದ ಆಸಾಮಿಯಲ್ಲ. 1982ರ ಜೂನ್‌ನಿಂದ 1987ರ ಸೆಪ್ಟೆಂಬರ್‌ವರೆಗೆ ಒಂದನ್ನೂ ಬಿಡದೆ 8,243 ಇನಿಂಗ್ಸ್ ಆಡಿದರು. ಅದರಲ್ಲಿ ಬಹುಪಾಲು ಷಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿ. ಚೆಂಡಿಗಾಗಿ ಎಡಕ್ಕೂ ಬಲಕ್ಕೂ ಹಾರಿ ಬೀಳಬೇಕಾದ ಜಾಗವದು. ಇನಿಂಗ್ಸ್‌ಗಳ ಆ ಸರಣಿ ನಿಂತದ್ದು ಟೊರಾಂಟೊದಲ್ಲಿ ಅವರ ಓರಿಯೋಲ್ಸ್ ತಂಡ 18-3ರಿಂದ ಸೋತ ದಿನ. ಎಂಟನೇ ಇನಿಂಗ್ಸ್‌ನಲ್ಲಿ ಅವರನ್ನು ಹೊರಗೆ ಕೂರಿಸಿದ್ದು ತಂಡದ ಮ್ಯಾನೇಜರ್, ಅಂದರೆ ಅವರ ಸ್ವಂತ ಅಪ್ಪ! 1993ರಲ್ಲಿ ಮೈದಾನದ ಜಗಳವೊಂದರಲ್ಲಿ ಮೊಣಕಾಲು ತಿರುಚಿಕೊಂಡು ಮರುದಿನ ಬೆಳಿಗ್ಗೆ ನಡೆಯುವುದೇ ಕಷ್ಟವಾಗಿತ್ತು. ಸಂಜೆ ಆಡಿದರು.

ನಿಮ್ಮ ಪ್ರಶ್ನೆಗೆ ನಿಜವಾಗಿ ಹೊಂದುವ ಉದಾಹರಣೆ ಜಪಾನಿನ ಸಚಿಯೊ ಕಿನುಗಾಸಾ (ಸತತ 2,215 ಪಂದ್ಯ). 1979ರಲ್ಲಿ ಚೆಂಡು ಬಡಿದು ಅವರ ಭುಜದ ಮೂಳೆ ಮುರಿಯಿತು. ಮರುದಿನ ಬದಲಿ ಬ್ಯಾಟರ್ ಆಗಿ ಬಂದರು. ಮೂರು ಎಸೆತ, ಮೂರಕ್ಕೂ ಪೂರ್ಣ ಬಲದ ಬೀಸು, ಒಂದೂ ತಾಗಲಿಲ್ಲ, ಔಟ್. ನಿಯಮದ ಪ್ರಕಾರ ಇದು ನೀವು ಹೇಳುವ ಬರೀ ಹಾಜರಿಯೇ. ಮುರಿದ ಭುಜದಲ್ಲಿ ಬ್ಯಾಟನ್ನು ಸುಮ್ಮನೆ ಹಿಡಿದು ನಿಂತಿದ್ದರೂ ಲೆಕ್ಕಕ್ಕೆ ಸೇರುತ್ತಿತ್ತು, ಆ ಮನುಷ್ಯ ಬೀಸಿದರು. 1996ರಲ್ಲಿ ರಿಪ್ಕನ್ ಈ 2,215ರ ಸಂಖ್ಯೆಯನ್ನು ದಾಟಿದಾಗ ಕಿನುಗಾಸಾ ಕ್ಯಾನ್ಸಸ್ ಸಿಟಿಯ ಕ್ರೀಡಾಂಗಣದಲ್ಲೇ ಇದ್ದರು.