ಆರ್‌ಸಿ ಕಾರಿನ ಬಾಡಿಯಿಂದ ಬಣ್ಣ ಎದ್ದು ಬರುತ್ತಿದೆ: ಪ್ರತಿಕ್ರಿಯೆ

ನಿಮ್ಮ ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಬಾಡಿಗೆ ಹೊಡೆದ ಬಣ್ಣ ಮೊದಲ ಡಿಕ್ಕಿಗೇ ಹಪ್ಪಳದಂತೆ ಎದ್ದಿತು ಅಂದಿರಲ್ಲ, ಕಾರಣ ಬಹುಶಃ ಬಣ್ಣವೇ. ಬೈಕ್ ಟ್ಯಾಂಕಿಗೆ ಹೊಡೆಯುವ ಬಣ್ಣ ಪಾಲಿಕಾರ್ಬೊನೇಟ್ (ಬಾಗುವ ಪಾರದರ್ಶಕ ಪ್ಲಾಸ್ಟಿಕ್) ಬಾಡಿಯ ಜೊತೆ ಬಾಗುವುದಿಲ್ಲ, ಸಿಡಿಯುತ್ತದೆ. ಪಾಲಿಕಾರ್ಬೊನೇಟ್‌ಗೆಂದೇ ಬರುವ ಬಣ್ಣ ತರಿಸಿಕೊಳ್ಳಿ.

ಹಳೇ ಬಣ್ಣವನ್ನು ಥಿನ್ನರ್ ಹಾಕಿ ಉಜ್ಜಬೇಡಿ, ಪ್ಲಾಸ್ಟಿಕ್ಕೇ ಮಂಜಾಗಿ ಬಿರುಕು ಬಿಡುತ್ತದೆ. ನಾನು ಒಂದು ಬಾಡಿ ಹಾಗೆ ಸುಮ್ನೆ ಹಾಳು ಮಾಡಿದೆ. ಹೊಸ ಬಾಡಿಯಲ್ಲೇ ಶುರು ಮಾಡಿ.

ಒಳಮೈಯನ್ನು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಬೆರಳು ತಾಗಿಸಬೇಡಿ. ಏರ್‌ಬ್ರಶ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಸ್ಪ್ರೇ ಗನ್) ಗಾಳಿಯ ಒತ್ತಡವನ್ನು 20 ಪಿಎಸ್‌ಐ ಆಸುಪಾಸು ಇಟ್ಟು ಒಳಗಿನಿಂದಲೇ ತೆಳುವಾಗಿ ಹೊಡೆಯಿರಿ, ಪ್ರತಿ ಕೋಟ್ ಒಣಗಲಿ. ಗಾಢ ಬಣ್ಣ ಮೊದಲು, ತಿಳಿ ಬಣ್ಣ ನಂತರ, ಕೊನೆಗೆ ಬಿಳಿ. ನಮ್ಮ ಹುಬ್ಬಳ್ಳಿ ಧೂಳಿನಲ್ಲಿ ಟೆರೇಸ್ ಮೇಲಂತೂ ಬೇಡ. ಕೋಣೆಯಲ್ಲಿ ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು ಮಾಡಿ. ಬಾಡಿಯ ಹೊರಮೈಗೆ ಅಂಟಿಸಿಯೇ ಬರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಎಲ್ಲ ಮುಗಿದ ಮೇಲೆ ಕೀಳಿ.